ಕ್ಷಯದ ದಾಯಾದಿಗಳನ್ನು ಎಣಿಸಲು ಹೋದದ್ದು

ಕಫ ಬೇರೆ, ಉಗುಳು ಬೇರೆ ಎಂದು ಜನರಿಗೆ ತಿಳಿಸಿ ಹೇಳುವುದರಲ್ಲೇ ನನ್ನ ಅರ್ಧ ಆಯುಷ್ಯ ಕಳೆಯಿತು. ಉಳಿದರ್ಧ ಆ ಕಫವನ್ನು ಗಾಜಿನ ಪಟ್ಟಿಯ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕಕ್ಕೆ ಕಣ್ಣು ಕೊಟ್ಟು ಕೂರುವುದರಲ್ಲಿ ಹೋಯಿತು. ಕಾರವಾರ, ಅಂಕೋಲೆಗಳ ಸರಕಾರಿ ಪ್ರಯೋಗಾಲಯಗಳಲ್ಲಿ ನಾನು ಲ್ಯಾಬ್ ಟೆಕ್ನಿಷಿಯನ್ ಆಗಿದ್ದೆ. ಆದರೆ ಆ ಹೆಸರಿನಿಂದ ನನ್ನನ್ನು ಕರೆದವರು ಕಚೇರಿಯ ಗುಮಾಸ್ತರು ಮಾತ್ರ. ಊರಿನವರಿಗೆ ನಾನು ‘ಕಫದ ಅಕ್ಕೋರು’. ನಮ್ಮ ಕಡೆ ಶಾಲೆಯ ಟೀಚರಿಗೆ ಅಕ್ಕೋರು ಎನ್ನುತ್ತಾರೆ. ಆ ಗೌರವಕ್ಕೆ ಕಫವನ್ನು ಸೇರಿಸಿ ನನಗೆ ದಯಪಾಲಿಸಿದ್ದರು. ಮದುವೆ ಮನೆಯ ಪಂಕ್ತಿಯಲ್ಲಿ ಯಾರಾದರೂ “ಹ್ವಾಯ್, ಕಫದ ಅಕ್ಕೋರಿಗೆ ಪಾಯಸ ಬಡ್ಸಿ” ಎಂದು ಕೂಗಿದರೆ ಅಕ್ಕಪಕ್ಕದವರ ಕೈ ಬಾಯಿಗೆ ಹೋಗುವ ದಾರಿಯಲ್ಲೇ ನಿಂತುಬಿಡುತ್ತಿತ್ತು. ನಾನು ಮಾತ್ರ ಎರಡು ಸಲ ಹಾಕಿಸಿಕೊಂಡು ಉಣ್ಣುತ್ತಿದ್ದೆ.

ಈಗ ಈ ಕೆಲಸಕ್ಕೆ ಸೇರುವ ಹುಡುಗಿಯರು ಒಮ್ಮೊಮ್ಮೆ ಮನೆಗೆ ಬರುತ್ತಾರೆ. ನಿಮ್ಮ ಕಾಲದಲ್ಲಿ ಹೇಗಿತ್ತು ಮೇಡಂ ಎಂದು ಕೇಳುತ್ತಾರೆ. ಅವರ ಹತ್ತಿರ ಈಗ ಒಂದು ಯಂತ್ರವಿದೆ. ಕಫ ಹಾಕಿ ಚಹಾ ಕುಡಿದು ಬರುವಷ್ಟರಲ್ಲಿ ಅದು ಕ್ಷಯ ಹೌದೋ ಅಲ್ಲವೋ ಎಂದು ಹೇಳಿಬಿಡುತ್ತದೆಯಂತೆ. ನಮಗೆ ಸ್ಪಿರಿಟ್ ದೀಪ, ಕೆಂಪು ಬಣ್ಣ, ನೀಲಿ ಬಣ್ಣ, ಮತ್ತು ಮಳೆಗಾಲದಲ್ಲಿ ಕೈಕೊಡುವ ಕರೆಂಟು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನನಗೆ ಸಿಕ್ಕ ಸೂಕ್ಷ್ಮದರ್ಶಕಕ್ಕೆ ಬಲ್ಬೇ ಇರಲಿಲ್ಲ, ಕನ್ನಡಿಯಿಂದ ಬಿಸಿಲನ್ನು ಹಿಡಿದು ನೋಡಬೇಕಿತ್ತು. ಮೋಡ ಬಂದರೆ ಆ ಹೊತ್ತಿಗೆ ಕಾರವಾರದಲ್ಲಿ ಯಾರಿಗೂ ಕ್ಷಯ ಇಲ್ಲ ಎಂದು ತಿಳಿಯಬೇಕು.

ಬಡ್ತಿಯ ಕತೆ ಬೇಡ. ಅದು ಬಂದಾಗ ಬಂತು. ನಾನು ಹೇಳಬೇಕೆಂದಿರುವುದು, ಎರಡು ಸಾವಿರದ ಇಸವಿ ಕಳೆದ ಮೇಲಿನ ವರ್ಷಗಳಲ್ಲಿ ನಾವು ಕ್ಷಯದ ದಾಯಾದಿಗಳನ್ನು ಎಣಿಸಲು ಹೋದ ಸಂಗತಿ.

ದಾಯಾದಿಗಳು ಯಾರು ಎಂದು ಮೊದಲು ಹೇಳುತ್ತೇನೆ. ಕ್ಷಯದ ಕ್ರಿಮಿಗೆ ದೊಡ್ಡ ಕುಟುಂಬವಿದೆ. ಅದರ ಅಣ್ಣತಮ್ಮಂದಿರು ಮಣ್ಣಿನಲ್ಲಿ, ನೀರಿನಲ್ಲಿ, ನಲ್ಲಿಯ ಬಾಯಿಯಲ್ಲಿ ಯಾರ ತಂಟೆಗೂ ಹೋಗದೆ ಬದುಕಿಕೊಂಡಿರುತ್ತಾರೆ. ಎಲ್ಲೋ ಒಬ್ಬರ ಸೊರಗಿದ ಶ್ವಾಸಕೋಶ ಸಿಕ್ಕಿದರೆ ಮಾತ್ರ ಅಲ್ಲಿ ಬಿಡಾರ ಹೂಡುತ್ತಾರೆ. ಆಗ ಕ್ಷಯದ ಹಾಗೆಯೇ ಕೆಮ್ಮು, ಕ್ಷಯದ ಹಾಗೆಯೇ ಸಣ್ಣ ಜ್ವರ, ಮೈ ಬಡಕಲು. ಸೂಕ್ಷ್ಮದರ್ಶಕದಲ್ಲೂ ಎರಡಕ್ಕೂ ಒಂದೇ ಮುಖ: ನೀಲಿಯ ನಡುವೆ ಕೆಂಪು ಕಡ್ಡಿ. ಬೇರೆ ಮಾಡಿ ನೋಡಬೇಕಾದರೆ ಕಫವನ್ನು ದೊಡ್ಡ ಪ್ರಯೋಗಾಲಯಕ್ಕೆ ಕಳಿಸಿ, ಸೀಸೆಯಲ್ಲಿ ಕ್ರಿಮಿ ಬೆಳೆಸಿ, ವಾರಗಟ್ಟಲೆ ಕಾಯಬೇಕು. ಈ ದಾಯಾದಿಗಳ ರೋಗದಲ್ಲಿ ಒಂದೇ ಒಂದು ಒಳ್ಳೆಯ ಗುಣವೆಂದರೆ ಅದು ಕ್ಷಯದ ಹಾಗೆ ಒಬ್ಬರ ಕೆಮ್ಮಿನಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ಕ್ಷಯದ ಗುಳಿಗೆಗೆ ಸರಿಯಾಗಿ ಬಗ್ಗುವುದೂ ಇಲ್ಲ.

ನಮ್ಮ ಕರಾವಳಿಯಲ್ಲಿ ಇಂಥವರು ಎಷ್ಟು ಜನ ಇದ್ದಾರೆ ಎಂದು ಯಾರಿಗೂ ಗೊತ್ತಿರಲಿಲ್ಲ. ಎಣಿಸುತ್ತೇನೆ ಎಂದು ಬಂದವರು ಡಾಕ್ಟರ್ ಸಂಗಮೇಶ. ಘಟ್ಟದ ಮೇಲಿನ ಬಯಲುನಾಡಿನವರು, ಒಂದು ದೂರದ ಮೆಡಿಕಲ್ ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದರು. ಮನಸ್ಸು ಬಂಗಾರ, ಉತ್ಸಾಹ ಮಾತ್ರ ಉಕ್ಕುವ ಹಾಲು. ನಮ್ಮ ಮೇಲಿನ ಸಾಹೇಬರು ಅದಕ್ಕೆ ತದ್ವಿರುದ್ಧ. ಹೊಸದೇನನ್ನು ಕೇಳಿದರೂ ಅವರ ಮೊದಲ ಪ್ರಶ್ನೆ, “ಇದು ಮೇಲಿನವರಿಗೆ ಗೊತ್ತುಂಟೋ?” ದಾಯಾದಿಗಳ ವಿಷಯ ಕೇಳಿ ಅವರಿಗೆ ಗಾಬರಿಯಾಯಿತು. ಇರುವ ಕ್ಷಯವೇ ಸಾಕಾಗಿದೆ, ಅದರ ನೆಂಟರನ್ನು ಯಾಕೆ ಕರೆಯುತ್ತೀರಿ ಎಂದರು. ಕೊನೆಗೆ ಅನುಮತಿ ಬಂತು. ನನ್ನನ್ನು ಸಂಗಮೇಶರ ಜೊತೆಗೆ ಹಾಕಿದರು.

ನಮ್ಮ ವಾಹನ ಸಂಗಮೇಶರ ಸ್ಕೂಟರ್. ಹಿಂದೆ ನಾನು, ನನ್ನ ತೊಡೆಯ ಮೇಲೆ ಕಫದ ಡಬ್ಬಿಗಳಿದ್ದ ಐಸ್ ಪೆಟ್ಟಿಗೆ. ಹಾರವಾಡದಿಂದ ಅಂಕೋಲೆಯವರೆಗೆ ಐಸ್ ಪೆಟ್ಟಿಗೆ ಎಂದರೆ ಒಂದೇ ಅರ್ಥ. ದಾರಿಯುದ್ದಕ್ಕೂ ಜನ ಕೈ ಅಡ್ಡ ಹಾಕಿ ನಿಲ್ಲಿಸುವವರೇ.

“ಎಂತ ಮೀನ್ರಾ? ಬಂಗಡೆ ಉಂಟಾ?”

“ಮೀನಲ್ಲ ಮಾರಾಯ್ರೆ.”

“ಮತ್ತೆ ಶೆಟ್ಲಿಯಾ? ತೋರ್ಸಿ ಕಾಂಬ.”

ಸಂಗಮೇಶರು ಸಸ್ಯಾಹಾರಿ, ಬಂಗಡೆ ಮೀನೂ ಶೆಟ್ಲಿ ಎಂಬ ಸಿಗಡಿಯೂ ಅವರಿಗೆ ಒಂದೇ. ಮೊದಲ ದಿನ ಅವರು ಸ್ಕೂಟರ್ ನಿಲ್ಲಿಸಿ, ಇದು ಸಂಶೋಧನೆಗಾಗಿ ಸಂಗ್ರಹಿಸಿದ ಕಫ ಎಂದು ಸವಿಸ್ತಾರವಾಗಿ ಹೇಳಿದರು. ಕೇಳಿದ ಹೆಂಗಸು ನನ್ನ ಕಡೆ ತಿರುಗಿ, “ಕೊಡುಕೆ ಮನ್ಸಿಲ್ದಿರೆ ಇಲ್ಲ ಹೇಳಿ, ಹೀಂಗೆಲ್ಲ ಹೊಲಸ್ ಮಾತ್ ಎಂತಕ್ಕೆ?” ಎಂದು ಬುಟ್ಟಿ ಎತ್ತಿಕೊಂಡು ಹೋದಳು. ಇನ್ನೊಂದು ದಿನ ಸ್ಕೂಟರ್ ಕೆಟ್ಟು ನಾನೊಬ್ಬಳೇ ಪೆಟ್ಟಿಗೆ ಹಿಡಿದು ಕಾರವಾರದ ಬಸ್ಸು ಹತ್ತಿದೆ. ಕಾಲಿಡಲು ಜಾಗವಿರಲಿಲ್ಲ. ಕಂಡಕ್ಟರ್ ಬಂದು, ಮೀನಿಗೆ ಲಗೇಜ್ ಟಿಕೆಟ್ ಮಾಡಬೇಕು, ಹಿಂದೆ ಇಡಿ ಎಂದ. ಮೀನಲ್ಲ, ಟಿಬಿ ಪರೀಕ್ಷೆಗೆ ಕಫ ಎಂದೆ. ಬಸ್ಸಿನಲ್ಲಿ ಒಮ್ಮೆಗೇ ಅಷ್ಟು ಜಾಗ ಎಲ್ಲಿಂದ ಬಂತೋ! ಮೂವರು ಕೂರುವ ಸೀಟಿನಲ್ಲಿ ಕಿಟಕಿ ಪಕ್ಕ ನಾನು, ನಡುವೆ ಪೆಟ್ಟಿಗೆ, ಆಚೆ ಯಾರೂ ಇಲ್ಲ. ಕಾರವಾರದವರೆಗೆ ಗಾಳಿ ತಿನ್ನುತ್ತ ಹೋದೆ. ಲಗೇಜ್ ಟಿಕೆಟ್ಟನ್ನೂ ಅವನು ಮತ್ತೆ ಕೇಳಲಿಲ್ಲ.

ಕಫ ಕೊಡುವವರ ಕತೆ ಬೇರೆಯೇ. ಬೊಬ್ರುವಾಡದ ಅಜ್ಜನೊಬ್ಬ ಕೊಟ್ಟ ಡಬ್ಬಿ ಕೆಂಪಗೆ ಹೊಳೆಯುತ್ತಿತ್ತು. ಸಂಗಮೇಶರು ಅದನ್ನು ಬೆಳಕಿಗೆ ಹಿಡಿದು, “ರಕ್ತ ಐತಿ ಅಕ್ಕಾರ, ಎದಿಯೊಳಗ ದೊಡ್ಡ ಗಾಯ ಇರಬೇಕು” ಎಂದರು. ಅಜ್ಜ ಕೆನ್ನೆಯೊಳಗಿನ ಎಲೆ ಅಡಿಕೆಯನ್ನು ಈ ಕಡೆಯಿಂದ ಆ ಕಡೆಗೆ ಸರಿಸಿ, “ಗಾಯ ಎಂತದೂ ಇಲ್ರಾ, ಕವಳ” ಎಂದ. ಡಾಕ್ಟರಿಗೂ ಒಂದು ಕವಳ ಕಟ್ಟಿಕೊಟ್ಟ.

ಹೀಗೆ ಊರೂರು ತಿರುಗುತ್ತ ಹಾರವಾಡದ ಕಡೆಯ ಒಂದು ಕೇರಿಗೆ ಬಂದೆವು. ಸಂಜೆ ಶಾಲೆಯ ಅಂಗಳದಲ್ಲಿ ಹೆಂಗಸರನ್ನೆಲ್ಲ ಕೂರಿಸಿ ಸಂಗಮೇಶರು ಸ್ವಚ್ಛತೆಯ ಮೇಲೆ ಒಂದು ಭಾಷಣ ಮಾಡಿದರು. ಬಹಳ ದಿನದಿಂದ ಕೆಮ್ಮಿರುವವರ ಮನೆಗೆಲ್ಲ ಡಬ್ಬಿ ಹಂಚಿದೆವು. ಬೆಳಿಗ್ಗೆ ಎದ್ದ ಕೂಡಲೇ ಅದರಲ್ಲಿ ಕಫ ತೆಗೆದು ಮುಚ್ಚಳ ಹಾಕಿ ಜಗುಲಿಯ ಮೇಲಿಡಬೇಕು, ನಾವು ಬಂದು ಒಯ್ಯುತ್ತೇವೆ ಎಂದು ಹೇಳಿದೆವು.

ಆ ಕೇರಿಯಲ್ಲೇ ಹೊನ್ನಮ್ಮ ಇದ್ದದ್ದು. ಗದ್ದೆ ಕೂಲಿಗೆ ಹೋಗುವ ಹೆಂಗಸು, ಗಂಡ ಇಲ್ಲ, ಇದ್ದೊಬ್ಬ ಮಗಳು ಸುಮಿತ್ರೆಯನ್ನು ಕಾಳಿ ನದಿಯಾಚೆಯ ಚಿತ್ತಾಕುಲಕ್ಕೆ ಕೊಟ್ಟಿದ್ದಳು. ಹೊನ್ನಮ್ಮ ನನಗೆ ಹಳೆಯ ಪರಿಚಯ. ಅವಳ ಕಫದಲ್ಲಿ ಕೆಂಪು ಕಡ್ಡಿ ನೋಡಿದವಳು ನಾನೇ. ಎರಡು ಸಲ ಪೂರ್ತಿಯಾಗಿ ಕ್ಷಯದ ಔಷಧ ಕೊಟ್ಟಾಗಿತ್ತು, ಕಡ್ಡಿ ಮಾತ್ರ ಹೋಗಿರಲಿಲ್ಲ. ಎದೆಯ ಎಕ್ಸರೇಯಲ್ಲಿ ಗಾಯ ಹಾಗೇ ಇತ್ತು. ಗುಳಿಗೆಯನ್ನು ಕದ್ದು ಬಿಸಾಡುತ್ತಾಳೆ ಎಂದು ನಮ್ಮ ಸಾಹೇಬರ ಗುಮಾನಿ. ಅದನ್ನು ಅವರು ಅವಳ ಮುಂದೆಯೇ ಆಡಿ ತಪ್ಪು ಮಾಡಿದರು.

“ನುಂಗಿ ನುಂಗಿ ಉಚ್ಚೆ ಕುಂಕುಮದ ನೀರ್ ಆಗದೆ” ಎಂದು ಹೊನ್ನಮ್ಮ ಇಡೀ ಆಸ್ಪತ್ರೆಗೆ ಕೇಳುವಂತೆ ಕೂಗಿದಳು. “ನಾಳೆ ಬಾಟ್ಲಿಲಿ ತುಂಬಿ ನಿಮ್ ಮೇಜಿನ ಮೇಲೆ ಇಡ್ತೆ, ಕಾಣಿ!”

ಕ್ಷಯದ ಗುಳಿಗೆ ನುಂಗಿದವರಿಗೆ ಮೂತ್ರ ಕೆಂಪಗೆ ಹೋಗುವುದುಂಟು. ಸಾಹೇಬರು ಆಮೇಲೆ ಒಂದು ವಾರ ಬಾಗಿಲ ಸದ್ದಾದರೆ ಬೆಚ್ಚುತ್ತಿದ್ದರು.

ನಾವು ಡಬ್ಬಿ ಹಂಚಿದ ಹೊತ್ತಿಗೆ ಸುಮಿತ್ರೆ ತಾಯಿಯ ಮನೆಗೆ ಬಂದು ಹೆತ್ತಿದ್ದಳು. ಹೊನ್ನಮ್ಮನ ಮೊದಲ ಮೊಮ್ಮಗು, ಗಂಡು. ಕ್ಷಯ ಇರುವವಳು ಎಳೆಗೂಸಿನ ಹತ್ತಿರ ಹೋಗಬಾರದೆಂದು ನಾವೇ ಹೇಳಿದ್ದೆವು. ಹೊನ್ನಮ್ಮ ಅದನ್ನು ಚಾಚೂ ತಪ್ಪದೆ ಪಾಲಿಸಿದಳು. ಅಂಗಳದ ಮೂಲೆಯ ಸೋಗೆಯ ಮಾಡಿನಡಿಗೆ ಹಾಸಿಗೆ ತಂದುಕೊಂಡಳು. ನೆರೆಯ ಹೆಂಗಸರು ಬಾಣಂತನ ಮಾಡುತ್ತಿದ್ದರೆ ಇವಳು ಅಲ್ಲಿಂದಲೇ, “ಹಾಂಗಲ್ವೇ, ನೆತ್ತಿಗೆ ಎಣ್ಣೆ ಹಾಕೇ! ಕಿವೀಗ್ ನೀರ್ ಹೋಗ್ತದ್ಯೇ!” ಎಂದು ಹುಕುಂ ಕೊಡುತ್ತಿದ್ದಳು. ಮಗು ಅತ್ತರೆ ಮಾಡಿನಡಿಯಿಂದಲೇ ಜೋಗುಳ. ನಡುವೆ ಕೆಮ್ಮು ಬಂದರೆ ನಿದ್ದೆ ಹತ್ತಿದ ಮಗು ಮತ್ತೆ ಎದ್ದು ಕೂಗುತ್ತಿತ್ತು. ಮೂರು ತಿಂಗಳು ತುಂಬಿದ ಕೂಡಲೇ ಮಗು ಚಿತ್ತಾಕುಲಕ್ಕೆ ಹೊರಡುವುದಿತ್ತು. ಅಷ್ಟರೊಳಗೆ ಒಮ್ಮೆಯಾದರೂ ಎತ್ತಿಕೊಳ್ಳುವ ಆಸೆ ಅವಳಿಗೆ. ಬಾಯಿ ಬಿಟ್ಟು ಕೇಳುತ್ತಿರಲಿಲ್ಲ, ನಾನು ಹೋದಾಗಲೆಲ್ಲ “ಕಡ್ಡಿ ಹೋತೇ ಅಕ್ಕೋರೆ?” ಎನ್ನುತ್ತಿದ್ದಳು ಅಷ್ಟೆ.

ವಾರಗಳು ಕಳೆದು ಕೇರಿಯ ಫಲಿತಾಂಶ ಬಂತು. ಸಂಗಮೇಶರು ಹಾರಿಕೊಂಡೇ ಕಾರವಾರಕ್ಕೆ ಬಂದರು. ಡಬ್ಬಿ ಕೊಟ್ಟ ಮನೆಗಳಲ್ಲಿ ಒಂದೆರಡನ್ನು ಬಿಟ್ಟರೆ ಎಲ್ಲದರಲ್ಲೂ ದಾಯಾದಿಗಳು ಬೆಳೆದಿದ್ದರು!

“ಈ ಕೇರಿ ಜಗತ್ತಿನ ನಕಾಶೆದಾಗ ಬರ್ತದ್ರಿ ಅಕ್ಕಾರ! ಹಿಂಗ ಎಲ್ಲೂ ಇಲ್ಲ!”

ನಮ್ಮ ಸಾಹೇಬರು ಎರಡು ಕೈಯಲ್ಲೂ ತಲೆ ಹಿಡಿದು, “ಇದು ಮೇಲಿನವರಿಗೆ ಗೊತ್ತುಂಟೋ?” ಎಂದರು. ಇಲ್ಲ ಎಂದ ಮೇಲೆ ಬಾಗಿಲು ಹಾಕಿಸಿ, ಯಾರಿಗೂ ಹೇಳಬೇಡಿ, ಪೇಪರಿನವರಿಗಂತೂ ಹೇಳಲೇಬೇಡಿ ಎಂದು ಕೈಮುಗಿದರು. ಹೊನ್ನಮ್ಮನ ಸೀಸೆಯಲ್ಲಿ ಬೆಳೆದದ್ದೂ ದಾಯಾದಿಯೇ, ಕ್ಷಯ ಅಲ್ಲ. ನನಗೆ ಕೇರಿ ನಕಾಶೆಯಲ್ಲಿ ಬರುವುದಕ್ಕಿಂತ ಅದೇ ದೊಡ್ಡ ಸಂಗತಿಯಾಗಿ ಕಂಡಿತು. ಆ ಕಡೆಯ ನರ್ಸಮ್ಮನಿಗೆ ಫೋನಿನಲ್ಲಿ ಅಷ್ಟು ಹೇಳಿದೆ. ಅವಳು ಆ ಸಂಜೆಯೇ ಕೇರಿಗೆ ಮುಟ್ಟಿಸಿದಳು.

ಮರುದಿನ ನಾವಿಬ್ಬರೂ ಹೊರಟೆವು. ಇಷ್ಟು ದಾಯಾದಿಗಳು ಎಲ್ಲಿಂದ ಬಂದರೆಂದು ನೋಡಲು ಸಂಗಮೇಶರಿಗೆ ಬಾವಿಯ ನೀರು ಬೇಕು, ಗದ್ದೆಯ ಮಣ್ಣು ಬೇಕು. ಸೀಸೆ ಹಿಡಿದು ಅವರು ಗದ್ದೆಗಿಳಿದದ್ದೇ ತಡ, ಜನ ಸೇರಿತು. ಆ ಕಾಲದಲ್ಲಿ ನಮ್ಮ ಕಡೆ ಹೊರಗಿನವರು ಯಾರಾದರೂ ಬಂದು ಮಣ್ಣು ತುಂಬಿದರೆ ಅದು ನೌಕಾನೆಲೆಗೋ ರಸ್ತೆಗೋ ಜಾಗ ಹೋಗುವ ಲಕ್ಷಣ.

“ಮಣ್ಣ್ ಎಂತಕ್ರಾ? ಯಾವ್ ಇಲಾಖೆ ನಿಮ್ದು?” ಎಂದು ಒಬ್ಬ ಹಿರಿಯ ಕೋಲು ಊರಿ ನಿಂತ.

“ಕ್ಷಯದ ಇಲಾಖೆ ಮಾರಾಯ್ರೆ, ನಾನು ಕಫದ ಅಕ್ಕೋರು” ಎಂದು ನಾನೇ ಕೂಗಬೇಕಾಯಿತು. ಆ ಹೆಸರಿಂದ ನನಗೆ ಉಪಯೋಗವಾದದ್ದು ಅದೊಂದೇ ಸಲ. ಕೋಲು ಕೆಳಗಿಳಿಯಿತು.

ಹೊನ್ನಮ್ಮ ಮೈಗೆ ನೀರು ಹಾಕಿಕೊಂಡು, ಹಬ್ಬಕ್ಕೆ ಉಡುವ ಸೀರೆ ಉಟ್ಟು, ತಲೆಗೆ ಅಬ್ಬಲಿಗೆ ಮುಡಿದು ಅಂಗಳದಲ್ಲಿ ಕಾಯುತ್ತಿದ್ದಳು. ಸುಮಿತ್ರೆ ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ನರ್ಸಮ್ಮನ ಮಾತು ಸಾಲದು, ಡಾಕ್ಟರ ಬಾಯಿಂದಲೇ ಬರಬೇಕು ಎಂದು ಹೊನ್ನಮ್ಮನ ಹಟ.

“ನಿಮ್ ಬಾಯಿಂದ ಹೇಳಿ. ಮಗೂಗೆ ಎತ್ಕಂಬುದಾ?”

“ಹೇಳ್ತೇನ್ರಿ ಅಮ್ಮಾರ. ಅದಕ್ಕ ಮೊದ್ಲ ಇನ್ನೊಂದ್ ಸಲ ಕಫಾ ಕೊಟ್ಟುಬಿಡ್ರಿ” ಎಂದು ಸಂಗಮೇಶರು ಹೊಸ ಡಬ್ಬಿ ಕೊಟ್ಟರು. ಹೊನ್ನಮ್ಮ ಅದನ್ನು ಹಿಡಿದು ನೇರ ಬಾವಿಕಟ್ಟೆಗೆ ಹೋದಳು. ಮುಚ್ಚಳ ತೆಗೆದಳು. ತೆಂಗಿನ ಕತ್ತಕ್ಕೆ ಬೂದಿ ಹಚ್ಚಿಕೊಂಡು ಡಬ್ಬಿಯ ಒಳಗೆ ಹೊರಗೆ ಗಸಗಸ ತಿಕ್ಕಿದಳು. ತೊಟ್ಟಿಯ ನೀರು ಮೊಗೆದು ಜಾಲಿಸಿದಳು, ಮತ್ತೊಮ್ಮೆ ಜಾಲಿಸಿದಳು.

ಸಂಗಮೇಶರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತರು.

“ಏನ್ ಮಾಡ್ಲಿಕತ್ತೀರಿ ಅಮ್ಮಾರ?”

“ತೊಳಿತೆ.”

“ಹೋದ ಸಲಾನೂ ತೊಳದಿದ್ರೇನು?”

“ತೊಳಿದೆ ಕೊಡ್ತ್ರಾ ಯಾರಾದ್ರೂ?” ಹೊನ್ನಮ್ಮನಿಗೆ ಸಿಟ್ಟೇ ಬಂತು. “ಪರರ ಮನೆ ಪಾತ್ರೆ. ಯಾರ್ಯಾರ ಕೈ ಹತ್ತಿದ್ದೋ ಏನೋ. ನಾನೆಂತ ಗಲೀಜ್ ಹೆಂಗ್ಸಾ?”

ನಮ್ಮಲ್ಲಿ ಪರರ ಪಾತ್ರೆಯನ್ನು ತೊಳೆಯದೆ ಬಳಸುವುದಿಲ್ಲ, ತೊಳೆಯದೆ ಹಿಂದಿರುಗಿಸುವುದೂ ಇಲ್ಲ. ಕಾರ್ಖಾನೆಯಲ್ಲಿ ಒಂದು ಕ್ರಿಮಿಯೂ ಇಲ್ಲದಂತೆ ಮಾಡಿ ಮುಚ್ಚಿದ ಡಬ್ಬಿ ಎಂದು ಯಾರಿಗೆ ಗೊತ್ತು? ಸೇರಿದ್ದ ಹೆಂಗಸರನ್ನು ಕೇಳಿದರೆ ಎಲ್ಲರೂ ತೊಳೆದವರೇ. ಅದರ ಮೇಲೆ ಡಾಕ್ಟರು ಸ್ವಚ್ಛತೆಯ ಭಾಷಣ ಬೇರೆ ಬಿಗಿದಿದ್ದರು. “ನಾ ಎರಡ್ ಸಲ ತೊಳ್ದೆ” ಎಂದು ಒಬ್ಬಳು ಜಂಬದಿಂದ ಹೇಳಿದಳು. “ನಾ ಹಿಂದಿನ್ ರಾತ್ರಿನೇ ತೊಳ್ದು ನೀರಲ್ಲಿ ನೆನ್ಸಿಟ್ಟಿದ್ದೆ” ಎಂದು ಇನ್ನೊಬ್ಬಳು. ಮತ್ತೊಬ್ಬಳಿಗೆ ಆ ಬೆಳಿಗ್ಗೆ ಕಫವೇ ಬರಲಿಲ್ಲವಂತೆ. ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದು ಚಂದವಲ್ಲ ಎಂದು ಚಿಟಿಕೆ ಸಕ್ಕರೆ ಹಾಕಿ ಇಟ್ಟಿದ್ದಳು. ಸೀಸೆಗಳಲ್ಲಿ ಬೆಳೆದ ದಾಯಾದಿಗಳು ಕೇರಿಯವರ ಎದೆಯಿಂದಲ್ಲ, ತೊಟ್ಟಿ ನೀರಿನಿಂದ ಬಂದವರು! ಜಗತ್ತಿನ ನಕಾಶೆ ಸುಮ್ಮನೆ ಮಡಚಿಕೊಂಡಿತು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಸಂಗಮೇಶರೂ ನಕ್ಕರು, ಪಾಪ, ಅವರ ಕಣ್ಣಲ್ಲಿ ನೀರಿತ್ತು.

ನಗು ನಿಂತದ್ದು ಹೊನ್ನಮ್ಮನ ಮುಖ ಕಂಡಾಗ. ತೊಳೆದ ಡಬ್ಬಿಗಳ ಲೆಕ್ಕವೆಲ್ಲ ಸುಳ್ಳಾದರೆ ಅವಳದ್ದೂ ಸುಳ್ಳೇ. ಅವಳಿಗೆ ಇರುವುದು ದಾಯಾದಿಯೋ, ಕ್ಷಯವೋ, ಈಗ ಹೇಳುವಂತಿಲ್ಲ. ಸಂಗಮೇಶರು ಎದ್ದು ಅವಳ ಬಳಿಗೆ ಹೋಗಿ, ತೊಳೆಯದ ಡಬ್ಬಿಯಲ್ಲಿ ಎರಡು ಸಲ ಕಫ ತೆಗೆದು, ಎರಡರಲ್ಲೂ ಅದೇ ಕ್ರಿಮಿ ಬೆಳೆದರೆ ಮಾತ್ರ ನಂಬಬಹುದು, ಅಲ್ಲಿಯವರೆಗೆ ಮಗುವನ್ನು ಮುಟ್ಟಬೇಡಿ ಎಂದು ಮೆಲ್ಲಗೆ ಹೇಳಿದರು. ಸುಮಿತ್ರೆ ಮಗುವನ್ನು ಒಳಗೆ ಒಯ್ದಳು. ಅಷ್ಟು ಬಾಯಿಯ ಹೆಂಗಸು ತಲೆಯ ಹೂ ತೆಗೆದು ಬಾವಿಕಟ್ಟೆಯ ಮೇಲಿಟ್ಟು ಮಾಡಿನಡಿಗೆ ಹೋಗಿ ಕೂತಳು. ಬಯ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು ನನಗೆ.

ಮರುದಿನ ನಸುಕಿನಲ್ಲೇ ಹೊಸ ಡಬ್ಬಿ ಹಿಡಿದು ಅವಳ ಅಂಗಳದಲ್ಲಿ ನಿಂತೆ. ಈಗ ಬೇರೆ ತೊಡಕು. ತೊಳೆಯದ ಡಬ್ಬಿಯನ್ನು ಅವಳು ಮುಟ್ಟಲೊಲ್ಲಳು. ಅದರ ಒಳಭಾಗ ನಿನ್ನ ಕೈಗಿಂತ ಚೊಕ್ಕಟವಿದೆ ಎಂದೆ. ಹಾಗಾದರೆ ನನ್ನ ಕೈ ಹೊಲಸಾ ಎಂದಳು. ಮೊಮ್ಮಗನ ಆಣೆ ಹಾಕಿದೆ, ಮಗುವನ್ನು ಯಾಕೆ ಎಳೆಯುತ್ತೀರಿ ಎಂದು ಅದಕ್ಕೂ ಬಯ್ದಳು. ಕೊನೆಗೆ ನಾನೇ ಡಬ್ಬಿಯ ಮುಚ್ಚಳ ತೆಗೆದು ಅವಳ ಬಾಯಿಯ ಹತ್ತಿರ ಹಿಡಿದೆ.

“ಪಾತ್ರೆ ನಂದು, ಹಿಡ್ದದ್ದು ನಾನು. ತೊಳಿಯುದು ಬಿಡುದು ನಮ್ ಮನೆ ಸುದ್ದಿ. ನೀ ಕೆಮ್ಮು ಮಾರಾಯ್ತಿ!”

ಅದು ಅವಳಿಗೆ ಒಪ್ಪಿಗೆಯಾಯಿತು. ಕೆಮ್ಮಿದಳು. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮಗುವಿಗೆ ಹಿಡಿದ ಹಾಗೆ ಇನ್ನೊಬ್ಬರ ಬಾಯಿಗೆ ಡಬ್ಬಿ ಹಿಡಿದು ಕಫ ತೆಗೆಸಿದ ಲ್ಯಾಬ್ ಟೆಕ್ನಿಷಿಯನ್ ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು. ಕೆಲವು ದಿನ ಬಿಟ್ಟು ಇನ್ನೊಮ್ಮೆ ಹೋಗಿ ಹೀಗೇ ಹಿಡಿದು ತಂದೆ. ಆ ಮೇಲೆ ಕಾಯುವುದೊಂದೇ ಕೆಲಸ. ಸೀಸೆಯೊಳಗಿನ ಕ್ರಿಮಿಗೆ ಚಿತ್ತಾಕುಲದವರ ಅವಸರ ಎಲ್ಲಿ ತಿಳಿಯಬೇಕು?

ಕೇರಿಯ ಉಳಿದವರದ್ದೂ ಮತ್ತೆ ತೆಗೆದೆವು. ಆಸ್ಪತ್ರೆಗೇ ಕರೆಸಿ, ಕಣ್ಣೆದುರು ಕೂರಿಸಿ, ನೀರಿನ ನಲ್ಲಿ ಹತ್ತಿರವಿಲ್ಲದ ಕಡೆ. ಅವರ ಸೀಸೆಗಳಲ್ಲಿ ಏನೂ ಬೆಳೆಯಲಿಲ್ಲ. ಒಲೆಯ ಹೊಗೆಯ ಕೆಮ್ಮು, ಬೀಡಿಯ ಕೆಮ್ಮು, ಅಷ್ಟೇ.

ಹೊನ್ನಮ್ಮನ ಎರಡನೆಯ ಫಲಿತಾಂಶ ಹಿಡಿದುಕೊಂಡು ಸಂಗಮೇಶರು ಕಾರವಾರಕ್ಕೆ ಬಂದ ದಿನವೇ ಮಗು ಚಿತ್ತಾಕುಲಕ್ಕೆ ಹೊರಡುವುದಿತ್ತು. ನನ್ನನ್ನು ಹಿಂದೆ ಕೂರಿಸಿಕೊಂಡು ಅವರು ಸ್ಕೂಟರ್ ಓಡಿಸಿದ ರೀತಿಗೆ ನಾನು ಊರಿನ ದೇವರನ್ನೆಲ್ಲ ನೆನೆದೆ. ನಾವು ಮುಟ್ಟುವಾಗ ರಿಕ್ಷಾ ಹೊರಟು ನಿಂತಿತ್ತು. ಸುಮಿತ್ರೆ ಮಗುವಿನೊಡನೆ ಒಳಗೆ ಕೂತಿದ್ದಳು. ಅಳಿಯ ಗಂಟುಮೂಟೆ ತುಂಬುತ್ತಿದ್ದ. ಹೊನ್ನಮ್ಮ ಎಲ್ಲರಿಂದ ದೂರ, ಬೇಲಿಯ ಹತ್ತಿರ ಸೆರಗು ಬಾಯಿಗಿಟ್ಟು ನಿಂತಿದ್ದಳು.

“ಅಮ್ಮಾರ!” ಸಂಗಮೇಶರು ಸ್ಕೂಟರಿನಿಂದ ಇಳಿಯುವ ಮೊದಲೇ ಕೂಗಿದರು. “ನಿಮಗ ಟಿಬಿ ಇಲ್ರಿ! ಎತ್ತಿಕೊಳ್ರಿ ಮಗೂನ್ನ!”

“ಈ ಸಲ ಖರೇ ಹೌದಾ?”

“ಖರೇನ ರೀ! ಎರಡೂ ಸಲ ಅದೇ ಬಂದದ. ಯಾರಿಗೂ ಹತ್ತೂದಿಲ್ಲ ಅದು.”

ಅವಳು ನನ್ನ ಮುಖ ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ. ಹೊನ್ನಮ್ಮ ರಿಕ್ಷಾಕ್ಕೆ ಬಾಗಿ ಮಗುವನ್ನು ತೆಗೆದುಕೊಂಡಳು. ಗುರುತಿಲ್ಲದ ಕೈ, ಮಗು ಊರು ಒಂದಾಗುವಂತೆ ಕಿರುಚಿತು. “ಕೂಗಾ ಕೂಗು, ನಾ ನಿನ್ನ ಅಜ್ಜಿಯಾ” ಎಂದು ಅವಳು ಅದಕ್ಕಿಂತ ಜೋರಾಗಿ ಅಳುತ್ತಿದ್ದಳು. ಸುಮಿತ್ರೆಯೂ ಅತ್ತಳು, ನಾನೂ ಅತ್ತೆ. ರಿಕ್ಷಾದವನೊಬ್ಬನೇ ಗಡಿಯಾರ ನೋಡುತ್ತಿದ್ದ.

ಸ್ವಲ್ಪ ಹೊತ್ತಿಗೆ ಅಳಿಯ ಮೆಲ್ಲಗೆ, “ಅತ್ತೆ, ಹೊತ್ತಾತು, ಮಗೂಗೆ ಕೊಡಿ” ಎಂದ.

“ಕೊಡ್ತೆ” ಎಂದಳು, ಕೊಡಲಿಲ್ಲ. ಮತ್ತೊಮ್ಮೆ ಕೇಳಿದ. “ಕೊಡ್ತೆ ಹೇಳ್ದ್ನಲ್ಲಾ” ಎಂದವಳೇ ಮಗುವನ್ನು ಎದೆಗವುಚಿಕೊಂಡು ತಾನೇ ರಿಕ್ಷಾ ಹತ್ತಿ ಸುಮಿತ್ರೆಯ ಪಕ್ಕ ಕೂತುಬಿಟ್ಟಳು! ಉಟ್ಟ ಸೀರೆ, ಬರಿಗಾಲು, ಮನೆಯ ಬಾಗಿಲು ತೆರೆದೇ ಇತ್ತು. ಅಳಿಯ ಅತ್ತಿತ್ತ ನೋಡಿ, ಡ್ರೈವರನ ಪಕ್ಕ ಅರ್ಧ ಕುಂಡೆ ಊರಿ ಕೂತ. ರಿಕ್ಷಾ ಹೊರಟಿತು.

ಸಂಗಮೇಶರು ಹಿಂದೆ ಓಡಿದರು. “ಅಮ್ಮಾರ, ಹೊಸಾ ಔಷಧ ಸುರು ಮಾಡಬೇಕ್ರಿ! ಬಾಳ ದಿವ್ಸ ನುಂಗೂದು ಐತ್ರಿ!”

“ಚಿತ್ತಾಕುಲಕ್ಕೆ ತನ್ನಿ!” ಎಂದು ಒಳಗಿನಿಂದ ಉತ್ತರ ಬಂತು.

ಡಾಕ್ಟರು ಏದುಸಿರು ಬಿಡುತ್ತ ತಿರುಗಿ ಬಂದು ನನ್ನ ಪಕ್ಕ ನಿಂತರು. “ಇಡೀ ಕೇರಿಗೆ ಒಬ್ಬರೇ ಅಕ್ಕಾರ. ನಾ ಎಣಿಸಿ ಬರದದ್ದೆಲ್ಲಾ ಹೋಗಿ ಒಂದ ಉಳೀತು.”

“ಅದೂ ಈಗ ಚಿತ್ತಾಕುಲಕ್ಕೆ ಹೋಯಿತಲ್ಲ” ಎಂದೆ. “ಈ ಕೇರಿಗೆ ಸೊನ್ನೆ ಬರೆಯಿರಿ.”

ಅವರು ಏನು ಬರೆದರೋ ನನಗೆ ತಿಳಿಯದು. ಔಷಧ ಮುಟ್ಟಿಸುವ ಕೆಲಸ ಮಾತ್ರ ನನ್ನ ಪಾಲಿಗೆ ಬಂತು. ಕಾಳಿ ಸೇತುವೆ ದಾಟಿ ಆ ಮನೆಗೆ ಎಷ್ಟು ಸಲ ಹೋದೆನೋ. ಹೋದಾಗಲೆಲ್ಲ ಮಗು ಹೊನ್ನಮ್ಮನ ತೊಡೆಯ ಮೇಲೆಯೇ ಇರುತ್ತಿತ್ತು. ಗುಳಿಗೆ ನುಂಗಲು ಕೂಡ ಅದನ್ನು ಕೆಳಗಿಳಿಸುತ್ತಿರಲಿಲ್ಲ. ಎರಡು ಕೈಯಲ್ಲೂ ಅದನ್ನು ಗಟ್ಟಿಯಾಗಿ ಹಿಡಿದುಕೊಂಡು ನನ್ನ ಕಡೆ ಬಾಯಿ ತೆರೆಯುತ್ತಿದ್ದಳು, ನಾನೇ ಗುಳಿಗೆ ಹಾಕಿ ನೀರು ಕುಡಿಸಬೇಕಾಗುತ್ತಿತ್ತು.